ಅಪ್‌ಡೇಟ್: ನಮೀಬಿಯಾ ಕರಾವಳಿಗೆ ಹೋಗಿ ಬಂದೆವು

ಅಲ್ಲಿನ ಸ್ವಾಕೋಪ್‌ಮುಂಡ್ ಊರಿನಲ್ಲಿ ನಾಲ್ಕು ದಿನ ಇದ್ದರೆ ಏನೇನು ನೋಡಬಹುದು ಎಂದು ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸ್ವೆಟರ್ ಮರೆಯಬೇಡಿ ಎಂದಿದ್ದು ನಿಜಕ್ಕೂ ಉಪಕಾರವಾಯಿತು. ಹೆಸರಿಗೆ ಮರುಭೂಮಿ, ಬೆಳಗ್ಗೆ ಎದ್ದರೆ ದಟ್ಟ ಮಂಜು! ಸಮುದ್ರದಲ್ಲಿ ಹರಿಯುವ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹವೇ ಇದಕ್ಕೆ ಕಾರಣ. ಮಳೆ ಅಪರೂಪವಾದ ಈ ನೆಲದಲ್ಲಿ ಎಷ್ಟೋ ಹುಳುಗಳು ಮಂಜಿನ ಹನಿ ಕುಡಿದೇ ಬದುಕುತ್ತವೆ.

ಸ್ಯಾಂಡ್‌ವಿಚ್ ಹಾರ್ಬರ್‌ಗೆ ವಾಲ್ವಿಸ್ ಬೇಯಿಂದ ಜೀಪಿನಲ್ಲಿ ಹೋದೆವು. ದೊಡ್ಡ ಮರಳುದಿಬ್ಬಗಳು ನೇರವಾಗಿ ಅಟ್ಲಾಂಟಿಕ್‌ಗೆ ಇಳಿಯುತ್ತವೆ. ಒಂದು ಕಡೆ ಅಲೆ, ಇನ್ನೊಂದು ಕಡೆ ಮರಳಿನ ಗೋಡೆ. ಸಮುದ್ರ ಇಳಿದಿರುವಾಗ ಮಾತ್ರ ಆ ದಾರಿ ಸಿಗುತ್ತದೆ. ಅಭ್ಯಾಸವಿಲ್ಲದವರು ಸ್ವಂತವಾಗಿ ಓಡಿಸಬೇಡಿ, ಗೈಡ್ ಜೊತೆಗೇ ಹೋಗಿ. ವಾಪಸ್ ಬರುವಾಗ ವಾಲ್ವಿಸ್ ಬೇ ಹಿನ್ನೀರಿನಲ್ಲಿ ಫ್ಲೆಮಿಂಗೋ ಹಕ್ಕಿಗಳನ್ನೂ ನೋಡಿದೆವು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ವೆಲ್ವಿಚಿಯಾ ಗಿಡ. ಜೀವಮಾನವಿಡೀ ಅದಕ್ಕೆ ಎರಡೇ ಎಲೆ. ಗಾಳಿಗೆ ಸೀಳಿ ಸೀಳಿ ಹತ್ತಾರು ಎಲೆಗಳಂತೆ ಕಾಣುತ್ತದೆ, ಅಷ್ಟೇ. ಕೆಲವಕ್ಕೆ 1000 ವರ್ಷಕ್ಕೂ ಜಾಸ್ತಿ ವಯಸ್ಸು. ಅದರ ಮುಂದೆ ಸುಮ್ನೆ ನಿಂತುಬಿಟ್ಟೆ. ದಯವಿಟ್ಟು ಹತ್ತಿರ ಹೋಗಿ ಬೇರು ತುಳಿಯಬೇಡಿ.

ಕೇಪ್ ಕ್ರಾಸ್‌ನಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳು ಸಾವಿರಾರು ಇವೆ. ವಾಸನೆ ಜೋರು, ಮೂಗಿಗೊಂದು ಕರ್ಚೀಫು ಇರಲಿ. ಮರಿಗಳನ್ನು ನೋಡಬೇಕಾದರೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ.