ಹಳೇ ಮೆಷಿನ್ನಿನ ‘ಟ್ಯೂನಿಂಗ್’ಗೆ ಏನನ್ನೋಣ? ರಿಪೇರಿ, ದುರಸ್ತಿ, ಸೆಟ್ಟಿಂಗ್, ಹದ

ಎಲ್ಲರಿಗೂ ನಮಸ್ಕಾರ,

ಕೇಳಬೇಕಾಗಿರುವುದು ಒಂದೇ ಪದ. ಹಿನ್ನೆಲೆ ಮಾತ್ರ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಗೆಳೆಯರೊಬ್ಬರು ತಮ್ಮ ಮರಗೆಲಸದ ಶೆಡ್ಡಿಗೆ ಸೆಕೆಂಡ್ ಹ್ಯಾಂಡ್ ಸರ್ಫೇಸ್ ಪ್ಲೇನರ್ ತಂದಿದ್ದಾರೆ. ಹಲಗೆಯ ಮೈ ಕೆತ್ತಿ ನೇರ ಮಾಡುವ, ಎರಕದ ಕಬ್ಬಿಣದ ಗಟ್ಟಿ ಮೆಷಿನ್ನು. ಹಿಂದಿ ಮಾತಾಡುವ ಕಾರ್ಪೆಂಟರ್‌ಗಳು ಜಾಸ್ತಿ ಇರುವ ಬೆಂಗಳೂರಿನ ಶೆಡ್ಡುಗಳಲ್ಲಿ ಇದಕ್ಕೆ ‘ರಂದಾ ಮೆಷಿನ್’ ಅಂತಾರೆ. ಕೈಯಲ್ಲಿ ತಳ್ಳುವುದಕ್ಕೆ ನಮ್ಮಲ್ಲಿ ಹತ್ತರಿ, ಕೀಸುಳಿ, ಉಜ್ಜುಗೊರಡು ಅಂತ ಬೇಕಾದಷ್ಟು ಹೆಸರಿವೆ. ಕರೆಂಟಿನದಕ್ಕೆ ಅವು ಯಾವುವೂ ದಾಟಲಿಲ್ಲ, ಇರಲಿ. ಇಂಥ ಮೆಷಿನ್ ಕೊಂಡ ಮೇಲೆ ಏನೇನು ನೋಡಬೇಕು ಅಂತ ಕನ್ನಡದಲ್ಲಿ ಬರೆದುಕೊಡಿ, ಹುಡುಗರು ಓದಿಕೊಳ್ಳುತ್ತಾರೆ ಅಂತ ಅವರು ಕೇಳಿದರು. ಬರೆಯಲು ಕೂತಾಗ ಎದ್ದ ಪ್ರಶ್ನೆ ಇದು.

ಕೆಲಸ ಎರಡು ಥರದ್ದು. ಬೇರಿಂಗ್ ಸವೆದಿದ್ದರೆ ಹೊಸದು ಕೂರಿಸುವುದು, ವರ್ಷಗಟ್ಟಲೆ ತಿರುಗದೆ ನಿಂತು ಗಡುಸಾದ ವಿ-ಬೆಲ್ಟ್ ಕಿತ್ತು ಹಾಕುವುದು, ಮೋಟಾರಿನ ಕೆಪಾಸಿಟರ್ ಬದಲಿಸುವುದು, ಇವೆಲ್ಲ ರಿಪೇರಿ. ಅದರಲ್ಲಿ ತಕರಾರಿಲ್ಲ. ಇನ್ನೊಂದು ಥರದ ಕೆಲಸದಲ್ಲಿ ಏನೂ ಕೆಟ್ಟಿರುವುದೇ ಇಲ್ಲ. ಭಾಗಗಳೆಲ್ಲ ಚೆನ್ನಾಗಿವೆ, ಮೆಷಿನ್ ತಿರುಗುತ್ತದೆ, ಆದರೆ ಹಲಗೆ ನೇರ ಬರುವುದಿಲ್ಲ.

ಉದಾಹರಣೆಗೆ ಇದನ್ನೇ ನೋಡಿ. ಈ ಮೆಷಿನ್ನಿಗೆ ಎರಡು ಟೇಬಲ್. ಹಲಗೆ ಹೊಗಿಸುವ ಕಡೆ ಒಂದು, ಹೊರಬರುವ ಕಡೆ ಇನ್ನೊಂದು. ನಡುವೆ ಬ್ಲೇಡು ಕಟ್ಟಿದ ಉರುಳೆ. ಹೊರಬರುವ ಕಡೆಯ ಟೇಬಲ್ಲು, ತಿರುಗುವ ಬ್ಲೇಡು ಎಷ್ಟು ಎತ್ತರಕ್ಕೆ ಏರುತ್ತದೋ ಸರಿಯಾಗಿ ಅದೇ ಮಟ್ಟಕ್ಕಿರಬೇಕು. ಒಂದು ಎಳೆ ಕೆಳಗಿದ್ದರೂ ಹಲಗೆಯ ಕೊನೆಯ ಒಂದೆರಡು ಇಂಚನ್ನು ಬ್ಲೇಡು ಜಾಸ್ತಿ ಕೆತ್ತಿ ತಗ್ಗು ಮಾಡುತ್ತದೆ. ಮೇಲಿದ್ದರೆ ಹಲಗೆ ಬಂದು ಟೇಬಲ್ಲಿನ ಅಂಚಿಗೆ ತಡೆಯುತ್ತದೆ. ಪರೀಕ್ಷೆ ಮಾಡುವ ವಿಧಾನ ಹಳೆಯದು. ಮೊದಲು ಪ್ಲಗ್ ಕೀಳಬೇಕು. ನೇರವಾದ ಒಂದು ರೀಪನ್ನು ಆ ಟೇಬಲ್ಲಿನ ಮೇಲಿಟ್ಟು ಉರುಳೆಯ ಮೇಲಕ್ಕೆ ಚಾಚಬೇಕು. ಉರುಳೆಯನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಬೇಕು. ಬ್ಲೇಡು ರೀಪನ್ನು ಎತ್ತಲೂಬಾರದು, ಮುಟ್ಟದೆ ಹೋಗಲೂಬಾರದು. ಹಾಗೇ ಸೋಕಿ 2–3 ಮಿಲಿಮೀಟರ್ ಎಳೆದು ಬಿಡಬೇಕು. ಎಡಗಡೆ, ಬಲಗಡೆ, ಒಂದೊಂದು ಬ್ಲೇಡಿಗೂ ಎಳೆತ ಒಂದೇ ಸಮ ಬಂದರೆ ಗೆದ್ದಿರಿ. ಇಲ್ಲದಿದ್ದರೆ ಬ್ಲೇಡಿನ ಬೋಲ್ಟ್ ಸಡಿಲಿಸಿ, ಚೂರು ಏರಿಸಿ ಇಲ್ಲವೇ ಇಳಿಸಿ, ಬಿಗಿದು, ಮತ್ತೆ ನೋಡುವುದು. ಬಿಗಿದಾಗ ಬ್ಲೇಡು ಮತ್ತೆ ಸ್ವಲ್ಪ ಜರುಗಿರುತ್ತದೆ, ಅದು ಬೇರೆ ತಲೆನೋವು.

ಈಗ ಹೇಳಿ, ಈ ಕೆಲಸಕ್ಕೆ ಹೆಸರೇನು? ಇಂಗ್ಲಿಷಿನವರು ‘ಟ್ಯೂನ್’ ಅಂದು ಮುಗಿಸುತ್ತಾರೆ. ನಮಗೂ ಗಾಡಿ ಕಾರ್ಬ್ಯುರೇಟರ್ ದೆಸೆಯಿಂದ ‘ಟ್ಯೂನಿಂಗ್’ ಗೊತ್ತು. ಶೆಡ್ಡಿನಲ್ಲಿ ಜಾಸ್ತಿ ಕೇಳುವುದು ‘ಸೆಟ್ಟಿಂಗ್’. ಸೆಟ್ಟಿಂಗ್ ಹೋಗಿದೆ, ಸೆಟ್ಟಿಂಗ್ ಮಾಡಬೇಕು. ಅಲ್ಲಿಗೆ ಸಾಕಾಗಿತ್ತು. ಆದರೆ ಗರಗಸದ ಹಲ್ಲನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸುವುದೂ ಅದೇ ಶೆಡ್ಡಿನಲ್ಲಿ ಸೆಟ್ಟಿಂಗೇ. ಅಂಟು ಗಟ್ಟಿಯಾಗುವುದೂ ‘ಸೆಟ್’ ಆಗುವುದೇ. ಬರಹದಲ್ಲಿ ಗೊಂದಲವಾಗುತ್ತದೆ.

‘ದುರಸ್ತಿ’ ನೋಡಿದೆ. ಪಾರಸಿಯ ‘ದುರುಸ್ತ್’ ಅಂದರೆ ಸರಿಯಾದದ್ದು, ನೆಟ್ಟಗಿರುವುದು. ಆ ಲೆಕ್ಕದಲ್ಲಿ ಇದೇ ಸರಿಯಾದ ಪದ. ನಮ್ಮ ಕಂದಾಯ ಇಲಾಖೆಯಲ್ಲಿ ಆ ಅರ್ಥ ಇನ್ನೂ ಉಳಿದಿದೆ. ‘ಪೋಡಿ ದುರಸ್ತಿ’ಯಲ್ಲಿ ಜಮೀನೇನೂ ಮುರಿದಿರುವುದಿಲ್ಲ, ಅಳತೆ ಮಾಡಿ ದಾಖಲೆ ಸರಿಪಡಿಸುತ್ತಾರೆ ಅಷ್ಟೇ. ಮರಾಠಿಯಲ್ಲಂತೂ ಸಂವಿಧಾನದ ತಿದ್ದುಪಡಿಯೇ ‘ಘಟನಾ ದುರುಸ್ತಿ’. ಆದರೆ ಇವತ್ತು ಬಸ್ಸು ‘ದುರಸ್ತಿಗೆ ಬಂದಿದೆ’ ಅಂದರೆ ಕೆಟ್ಟು ನಿಂತಿದೆ ಅಂತಲೇ ಅರ್ಥ. ಹುಡುಗರು ಹಾಗೇ ಓದುತ್ತಾರೆ.

‘ಶ್ರುತಿಗೊಳಿಸು’ ಅಂತ ಬರೆದರೆ ಶೆಡ್ಡಿನಲ್ಲಿ ನಗುತ್ತಾರೆ. ‘ಹೊಂದಿಸು’ ಪರವಾಗಿಲ್ಲ, ಆದರೆ ಅದು ಒಂದೊಂದು ಭಾಗಕ್ಕೆ ಹೇಳುವ ಮಾತು. ಇಡೀ ಕೆಲಸಕ್ಕೆ ಹೆಸರಾಗಿ ನಿಲ್ಲುವುದಿಲ್ಲ.

ನನ್ನ ಮನಸ್ಸು ನಿಂತಿರುವುದು ‘ಹದ’ದ ಮೇಲೆ. ಹೊಲ ಹದ ಮಾಡುತ್ತೇವೆ, ಚರ್ಮ ಹದ ಮಾಡುತ್ತೇವೆ, ಪಾಕಕ್ಕೆ ಹದ ಇದೆ. ಇಲ್ಲಿ ಒಂದು ಆಕ್ಷೇಪ ಬರಬಹುದು. ಇವೆಲ್ಲದರಲ್ಲಿ ವಸ್ತುವೇ ಬದಲಾಗುತ್ತದೆ: ಮಣ್ಣು ಸಡಿಲಾಗುತ್ತದೆ, ತೊಗಲು ಮೆತ್ತಗಾಗುತ್ತದೆ. ಮೆಷಿನ್ನಿನಲ್ಲಿ ಕಬ್ಬಿಣ ಕಬ್ಬಿಣವಾಗೇ ಇರುತ್ತದೆ, ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಹೊಂದಿಕೆ ಮಾತ್ರ ಬದಲಾಗುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೂ ‘ಹದಗೆಡು’ವಿಗೆ ಆ ಕಟ್ಟುಪಾಡೇ ಇಲ್ಲವಲ್ಲ. ರಸ್ತೆ ಹದಗೆಡುತ್ತದೆ, ಆರೋಗ್ಯ ಹದಗೆಡುತ್ತದೆ, ಪರಿಸ್ಥಿತಿ ಹದಗೆಡುತ್ತದೆ. ಕೆಡುವುದಕ್ಕೆ ಒಪ್ಪುವ ಪದ ಸರಿಮಾಡುವುದಕ್ಕೆ ಯಾಕೆ ಒಪ್ಪಬಾರದು? ತಮಟೆಯನ್ನು ಬೆಂಕಿಗೆ ಕಾಯಿಸಿ ಹದಕ್ಕೆ ತರುವುದೂ ಟ್ಯೂನಿಂಗೇ ಅಲ್ವಾ?

ಕೆಲವು ಸಣ್ಣ ಪದಗಳೂ ಬೇಕಾಗಿವೆ. ಹಸಿ ಹಲಗೆ ಒಣಗಿ ಸೊಟ್ಟಗಾದರೆ ‘ಸೆಟೆದಿದೆ’ ಅನ್ನುತ್ತೇವೆ. ಬಿಲ್ಲಿನ ಹಾಗೆ ಬಾಗುವುದು ಬೇರೆ, ನಾಲ್ಕು ಮೂಲೆ ಒಂದೇ ಮಟ್ಟಕ್ಕೆ ಕೂರದಂತೆ ತಿರುಚುವುದು ಬೇರೆ. ನಿಮ್ಮ ಕಡೆ ಇವೆರಡಕ್ಕೆ ಬೇರೆ ಬೇರೆ ಹೆಸರಿದೆಯೇ? ಬೇರಿಂಗಿನ ‘ಪ್ಲೇ’ಗೆ, ಅಂದರೆ ಅದರೊಳಗಿನ ಅಲುಗಾಟಕ್ಕೆ, ‘ಸಡಿಲ’ ಅಂದರೆ ಬೋಲ್ಟ್ ಸಡಿಲವಾಗಿದೆ ಅಂದುಕೊಳ್ಳುತ್ತಾರೆ. ಟೇಬಲ್ ಅಡಿಗೆ ಕೊಡುವ ತೆಳು ಹಿತ್ತಾಳೆ ಪಟ್ಟಿಗೆ ಫಿಟ್ಟರುಗಳು ‘ಪ್ಯಾಕಿಂಗ್’ ಅಂತಾರೆ. ‘ಬೆಣೆ’ ಅನ್ನೋಣವೆಂದರೆ ಬೆಣೆಗೆ ಒಂದು ಕಡೆ ಚೂಪು ಇರಬೇಕು, ಇದು ಎಲ್ಲ ಕಡೆ ಒಂದೇ ದಪ್ಪ. ಹಲಗೆಯ ಕೊನೆಯಲ್ಲಿ ಬೀಳುವ ತಗ್ಗನ್ನು ಸದ್ಯಕ್ಕೆ ‘ಕೊನೆಗಚ್ಚು’ ಅಂತ ಬರೆದಿಟ್ಟಿದ್ದೇನೆ. ಒಂದೇ ಒಂದು ಕಡೆ ಹಳೇ ಪದ ಹಾಗೇ ಕೂತಿತು. ಗ್ರೀಸಿಗೆ ‘ಕೀಲೆಣ್ಣೆ’. ಗಾಡಿ ಕಟ್ಟಿದ ಮನೆಯವರಿಗೆ ವಿವರಿಸಬೇಕಾಗಿಲ್ಲ.

ಸುಮ್ನೆ ನಿಘಂಟು ನೋಡಿ ಹೇಳುವ ಸಂಸ್ಕೃತದ ಜೋಡಿಪದಗಳು ಬೇಡ, ದಯವಿಟ್ಟು. ಮಚ್ಚು, ಕುಡುಗೋಲು, ರಾಟೆ, ಗಾಣ, ನೇಗಿಲಿನಂಥವಕ್ಕೆ ‘ಹದ’ ಬಳಸುವುದನ್ನು ಕಿವಿಯಾರೆ ಕೇಳಿದವರು ಇದ್ದರೆ ಆ ಇಡೀ ಮಾತನ್ನು, ಯಾವ ಊರಿನ ಕಡೆಯದು ಅನ್ನುವುದನ್ನು ಬರೆಯಿರಿ. ಮಗ್ಗದವರ ಮಾತು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮೆಷಿನ್ನಿನ ಮೇಲೆ ಅಂಟಿಸುವ ಹಾಳೆಗೆ ‘ಹಳೇ ಪ್ಲೇನರ್ ಹದ ಮಾಡುವ ಬಗೆ’ ಅಂತ ತಲೆಬರಹ ಕೊಟ್ಟಿದ್ದೇನೆ. ಇನ್ನೂ ಪ್ರಿಂಟ್ ಹಾಕಿಸಿಲ್ಲ.