ಸ್ಟ್ರಕ್ಟ್‌ನಲ್ಲಿರೋದು 12 ಬೈಟ್, ಸೈಜ್‌ಆಫ್ ಹೇಳೋದು 16: ಪ್ಯಾಕ್ಡ್ ಹಾಕಿಬಿಡ್ಲಾ?

ಸಿರಾ: ಬೋರ್‌ವೆಲ್ ಪಂಪ್‌ಸೆಟ್ ಲಾಗರ್, ಅಂದ್ರೆ ರೀಡಿಂಗ್ ಬರೆದಿಡೋ ಬೋರ್ಡ್, ಕೋಡ್ ಸಿ ಭಾಷೆಯಲ್ಲಿ. ಕಾರ್ಟೆಕ್ಸ್-ಎಂ0 ಚಿಪ್, ಎಟಿ24ಸಿ32 ಇಇಪ್ರಾಮ್ (ಕರೆಂಟ್ ಹೋದ್ರೂ ಅಳಿಯದ ಮೆಮೊರಿ). ಒಂದು ರೆಕಾರ್ಡಿನ ಮೆಂಬರ್‌ಗಳನ್ನ ಒಟ್ಟಿಗಿಡೋ ಸ್ಟ್ರಕ್ಟ್‌ನಲ್ಲಿ ಐಡಿ 1 ಬೈಟ್, ಟೈಮ್ 4, ವೋಲ್ಟೇಜ್ 2, ಸ್ಟೇಟಸ್ 1, ಯೂನಿಟ್ 4, ಇದೇ ಕ್ರಮ. ಸೈಜ್‌ಆಫ್‌ನಿಂದ ಅಳತೆ ಕೇಳಿದ್ರೆ 16, ಅಂದ್ರೆ 4 ಬೈಟ್ ಪ್ಯಾಡಿಂಗ್‌ಗೇ (ಕಂಪೈಲರ್ ನಡುವೆ ಬಿಡೋ ಖಾಲಿ ಜಾಗಕ್ಕೆ) ಹೋಗ್ತಿದೆ. ಪ್ಯಾಡಿಂಗ್ ಬಿಡಬೇಡ ಅಂತ ಕಂಪೈಲರ್‌ಗೆ ಹೇಳೋ ಪ್ಯಾಕ್ಡ್ ಹಾಕಿ ನೋಡಿದವರು ಹೇಳಿ.

ಮಾಲೂರು: ಹಾಕ್ಬೇಡಿ. ನಮ್ಮ ಹಾಲಿನ ಫ್ಯಾಟ್ ಮೀಟರ್ ಬೋರ್ಡ್ ಕೂಡ ಎಂ0. ಮೆಂಬರ್ ಹೆಸರಿಂದ ನೇರ ಓದಿದ್ರೆ ಏನೂ ಆಗಲ್ಲ, ಕಂಪೈಲರ್ ಒಂದೊಂದೇ ಬೈಟ್ ಎತ್ತಿ ಜೋಡಿಸುತ್ತೆ, ಕೋಡ್ ಮಾತ್ರ ಊದಿಕೊಳ್ಳುತ್ತೆ. ಆ ಟೈಮ್‌ನ ವಿಳಾಸ ಮಾಮೂಲಿ 32 ಬಿಟ್ ಪಾಯಿಂಟರ್‌ಗೆ ಹಾಕಿ ಬೇರೆ ಫಂಕ್ಷನ್‌ಗೆ ಕೊಟ್ರೆ, ವಿಳಾಸ 4ರಿಂದ ಭಾಗ ಆಗದೆ ಹಾರ್ಡ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಬೀಳುತ್ತೆ. ಜಿಸಿಸಿ ಕಂಪೈಲರ್ 9ರಿಂದೀಚೆಗೆ ವಾರ್ನಿಂಗ್ ತಾನಾಗೇ ಬರುತ್ತೆ. ಹಳೇ ಕಂಪೈಲರ್ ತುಟಿಪಿಟಕ್ ಅನ್ನಲ್ಲ. ಕ್ರಮ ಬದಲಾಯಿಸಿ ಸಾಕು: ಟೈಮ್, ಯೂನಿಟ್, ವೋಲ್ಟೇಜ್, ಐಡಿ, ಸ್ಟೇಟಸ್. ಪ್ಯಾಡಿಂಗ್ ಸೊನ್ನೆ. 4096 ಬೈಟ್‌ನಲ್ಲಿ 256 ರೆಕಾರ್ಡ್ ಹಿಡೀತಿದ್ದದ್ದು 341 ಆಗುತ್ತೆ.

ಶಿಡ್ಲಘಟ್ಟ: 341 ಅನ್ನೋರು ಪೇಜ್ ಯಾಕೆ ಮರೆತ್ರಿ ಸ್ವಾಮಿ? ಆ ಇಇಪ್ರಾಮ್‌ಗೆ ಪೇಜ್, ಅಂದ್ರೆ ಒಂದೇ ಸಲಕ್ಕೆ ಬರೆಯೋ ತುಂಡು, 32 ಬೈಟ್. ಮೂರನೇ ರೆಕಾರ್ಡ್ 24ಕ್ಕೆ ಶುರು, 8 ಬೈಟ್‌ಗೆ ಪೇಜ್ ಮುಗೀತು. ಉಳಿದ 4 ಮುಂದಿನ ಪೇಜ್‌ಗೆ ಹೋಗಲ್ಲ, ಅದೇ ಪೇಜಿನ ತಲೆಗೆ ಸುತ್ತಿ ಬರುತ್ತೆ. ಅಂದ್ರೆ ವೋಲ್ಟೇಜ್, ಐಡಿ, ಸ್ಟೇಟಸ್ ಹೋಗಿ ಮೊದಲ ರೆಕಾರ್ಡಿನ ಟೈಮ್ ಮೇಲೆ ಕೂರುತ್ತೆ. ಹುಳು ಸಾಕಾಣಿಕೆ ಮನೆಯ ತೇವಾಂಶ ಲಾಗರ್‌ನಲ್ಲಿ ತಾರೀಖೆಲ್ಲ ಕೆಟ್ಟಿದ್ದು ಇದರಿಂದಲೇ. 16 ಇದ್ರೆ ಪೇಜಿಗೆ ಸರಿಯಾಗಿ ಎರಡು. ಮಾಲೂರಿನವರ ಕ್ರಮವೇ ಇರಲಿ, ಆಮೇಲೆ ಸೀಕ್ವೆನ್ಸ್ ನಂಬರ್ 2 ಬೈಟ್, ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ತಿಳಿಸೋ ಸಂಖ್ಯೆ) 2 ಬೈಟ್ ಸೇರಿಸಿ.

ಮಾಲೂರು: ಪೇಜ್ ಗಡಿ ದಾಟೋದು ಪ್ರತಿ 8 ರೆಕಾರ್ಡ್‌ಗೆ 2 ಮಾತ್ರ ಕಣ್ರೀ. ಅವನ್ನಷ್ಟೇ ಒಡೆದು ಬರೆದ್ರಾಯ್ತು. ಅದಕ್ಕೋಸ್ಕರ 85 ರೆಕಾರ್ಡ್ ಬಿಟ್ಟುಕೊಡ್ಬೇಕಾ?

ಶಿಡ್ಲಘಟ್ಟ: ಒಡೆದ್ರೆ ಎರಡು ರೈಟ್ ಸೈಕಲ್. ನಡುವೆ ಕರೆಂಟ್ ಹೋದ್ರೆ ಅರ್ಧ ರೆಕಾರ್ಡ್, ಅದು ಅರ್ಧ ಅಂತ ತಿಳಿಸೋಕೆ ನಿಮ್ಮ 12ರಲ್ಲಿ ಸಿಆರ್‌ಸಿಗೆ ಜಾಗವೇ ಇಲ್ಲ. ಪಂಪ್‌ಸೆಟ್ ಲೈನ್‌ಗೆ ಕೂರಿಸೋ ಬೋರ್ಡ್ ಇದು!

ಗೌರಿಬಿದನೂರು: ಪ್ಯಾಡಿಂಗ್ ಇರೋ ಸ್ಟ್ರಕ್ಟ್ ಮೇಲೆ ಸಿಆರ್‌ಸಿ ಹಾಕ್ಬೇಡಿ. ಪ್ಯಾಡ್ ಬೈಟ್‌ನಲ್ಲಿ ಏನಿರುತ್ತೆ ಅಂತ ಸಿ ಸ್ಟ್ಯಾಂಡರ್ಡ್ ಖಾತ್ರಿ ಕೊಡಲ್ಲ. ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿದ್ರೂ ಆಮೇಲೆ ಮೆಂಬರ್‌ಗೆ ಬರೆಯುವಾಗ ಬದಲಾಗಬಹುದು. ಒಂದೇ ರೀಡಿಂಗ್‌ಗೆ ಎರಡು ಸಿಆರ್‌ಸಿ ಬರಬಹುದು. ಬೈಟ್ ಬೈಟ್ ಹೋಲಿಸೋ ಮೆಮ್‌ಸಿಎಂಪಿ ಕತೆನೂ ಅಷ್ಟೇ.

ಶಿಡ್ಲಘಟ್ಟ: ಓದಿ ಮಾತಾಡಿ. 4, 4, 2, 1, 1, 2, 2 ಕೂಡಿ ನೋಡಿ, ಪ್ಯಾಡಿಂಗ್ ಎಲ್ಲಿದೆ? ಸಿರಾದವರೇ, ಸಿಆರ್‌ಸಿ ಕೊನೆಗಿಟ್ಟು ಮೊದಲ 14 ಬೈಟ್‌ಗಷ್ಟೇ ಲೆಕ್ಕ ಹಾಕಿ. ಸೈಜ್‌ಆಫ್ 16 ಆಗದಿದ್ರೆ ಬಿಲ್ಡ್ ನಿಲ್ಲೋ ಹಾಗೆ ಸ್ಟ್ಯಾಟಿಕ್ ಅಸರ್ಟ್ ಹಾಕಿ, ನಾಳೆ ಯಾರೋ ನಡುವೆ ಒಂದು ಬೈಟ್ ತುರುಕಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ.