ವಾರ್‌ಫೋರ್ಜ್ಡ್‌ಗಳನ್ನು ಎಬೆರಾನ್‌ನಿಂದ ಹೊರಗೆ ತರುವುದು ಹೇಗೆ?

ಕವಡೆಕಾಯಿ:
ನಮ್ಮ ಗುಂಪಿನಲ್ಲಿ ಡಿಎಂಗಳೇ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಜಾಸ್ತಿ, ಒಬ್ಬೊಬ್ಬರದು ಒಂದೊಂದು ಲೋಕ. ಎಲ್ಲರಿಗೂ ಆಗುವ ಹಾಗೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟ) ಐದನೇ ಆವೃತ್ತಿಗೆ ಒಂದು ಸೋರ್ಸ್‌ಬುಕ್ ಬರೆಯುತ್ತಿದ್ದೇನೆ. ವಾರ್‌ಫೋರ್ಜ್ಡ್ ಅನ್ನುವ ಯಂತ್ರಮಾನವರ ಕುಲದ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಅವರ ಮೂಲ ಲೋಕವಾದ ಎಬೆರಾನ್‌ನ ಹೆಸರುಗಳನ್ನೆಲ್ಲ ಹೊಡೆದುಹಾಕಿದರೆ ಉಳಿಯುವುದು ಸುಮ್ನೆ ಒಂದು ರೋಬೋ. ಎಸಿಗೆ (ಏಟಿನಿಂದ ಕಾಯುವ ರಕ್ಷಣೆಯ ಅಂಕ) +1, ವಿಷದ ಏಟು ಅರ್ಧ, ಊಟ ಬೇಡ, ಉಸಿರು ಬೇಡ. ಇಷ್ಟೇ ಬರೆದರೆ ಯಾರು ಆಡುತ್ತಾರೆ? ಕಥೆಯನ್ನೆಲ್ಲ ಉಳಿಸಿಕೊಂಡರೆ ಅದು ಎಬೆರಾನ್ ಪುಸ್ತಕವೇ ಆಗುತ್ತದೆ. ಎಷ್ಟು ಕತ್ತರಿಸಬೇಕು?

ಹಳೇಡಿಎಂ:
ಹೆಸರು ಧಾರಾಳವಾಗಿ ಕತ್ತರಿಸಿ. ಇವರನ್ನು ತಯಾರಿಸಿದ ಹೌಸ್ ಕ್ಯಾನಿತ್ ಹೋಗಲಿ, ಯುದ್ಧ ಮುಗಿಸಿದ ಥ್ರೋನ್‌ಹೋಲ್ಡ್ ಒಪ್ಪಂದ ಹೋಗಲಿ. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಲೇಬೇಕು. 2004ರಲ್ಲಿ ಕೀತ್ ಬೇಕರ್ ಅವರ ಎಬೆರಾನ್ ಬಂದಾಗ ವಾರ್‌ಫೋರ್ಜ್ಡ್ ಅಂದರೆ ಯುದ್ಧಕ್ಕೆಂದೇ ಕುಲುಮೆಯಲ್ಲಿ ತಯಾರಾದವರು. ಯುದ್ಧ ಮುಗಿಯಿತು. ಒಪ್ಪಂದ ಇವರಿಗೆ ಸ್ವಾತಂತ್ರ್ಯ ಕೊಟ್ಟಿತು, ಹೊಸಬರನ್ನು ತಯಾರಿಸುವುದನ್ನೂ ನಿಲ್ಲಿಸಿತು. ಇವರಲ್ಲಿ ಅತಿ ಹಿರಿಯನಿಗೂ ಮೂವತ್ತು ಚಿಲ್ಲರೆ ವರ್ಷ, ಹಿಂದೆ ಬರುವವರು ಯಾರೂ ಇಲ್ಲ. ಆಟಗಾರ ಕಚ್ಚಿಕೊಳ್ಳುವುದು ಇದನ್ನೇ. ಇದಕ್ಕೆ ಎಬೆರಾನ್ ಬೇಕಾಗಿಲ್ಲ. ಮುಗಿದುಹೋದ ಒಂದು ಯುದ್ಧ, ಮಾಡಿಸಿದವನೊಬ್ಬ, ಮುಚ್ಚಿಹೋದ ಕುಲುಮೆ, ಸಾಕು.

ಆಮೇಲೆ ರೂಲ್ಸ್ ಒಳಗೂ ಸೆಟ್ಟಿಂಗ್ (ಮೂಲ ಲೋಕ) ಅಡಗಿ ಕೂತಿರುತ್ತದೆ, ಹುಷಾರು. 2004ರಲ್ಲಿ ಕ್ಲೆರಿಕ್ (ದೇವರ ಶಕ್ತಿ ಪಡೆದ ಪೂಜಾರಿ ಪಾತ್ರ) ಹಾಕುವ, ಗಾಯ ವಾಸಿ ಮಾಡುವ ಮಂತ್ರ ಇವರಿಗೆ ಅರ್ಧವೇ ತಗಲುತ್ತಿತ್ತು. ಅಲ್ಲಿ ಅದು ನಡೆಯುತ್ತಿತ್ತು, ಇವರನ್ನು ರಿಪೇರಿ ಮಾಡುವ ಆರ್ಟಿಫಿಸರ್ (ಮಂತ್ರ ಬಲ್ಲ ಕುಶಲಕರ್ಮಿ ಪಾತ್ರ) ಅದೇ ಪುಸ್ತಕದಲ್ಲೇ ಇದ್ದ. ಆರ್ಟಿಫಿಸರೇ ಇಲ್ಲದ ಲೋಕಕ್ಕೆ ಆ ರೂಲ್ ಒಯ್ದು ನೋಡಿ. ಕ್ಲೆರಿಕ್ ದಾಳ ಉರುಳಿಸಿ ಎಂಟು ಅಂತಾನೆ, ಸಿಗುವುದು ನಾಲ್ಕು. ಮುಂದಿನ ಸುತ್ತಿನಲ್ಲಿ ವಾರ್‌ಫೋರ್ಜ್ಡ್ ಮತ್ತೆ ನೆಲಕ್ಕೆ. ನಮ್ಮ ಟೇಬಲ್ಲಿನಲ್ಲಿ ಒಬ್ಬಳು ಬೇಸತ್ತು ಕ್ಯಾರೆಕ್ಟರನ್ನೇ ಬದಲಾಯಿಸಿದಳು. ಐದನೇ ಆವೃತ್ತಿಯ 2019ರ ಎಬೆರಾನ್ ಪುಸ್ತಕದಲ್ಲಿ ಆ ಅರ್ಧದ ಕಾಟ ಇಲ್ಲ.

ಟೀಫ್ಲಿಂಗ್ (ದೆವ್ವದ ರಕ್ತ ಬೆರೆತ ಕುಲ) ಕಥೆ ನೋಡಿ. 1994ರಲ್ಲಿ ಪ್ಲೇನ್‌ಸ್ಕೇಪ್ ಅನ್ನುವ ಸೆಟ್ಟಿಂಗ್‌ನಲ್ಲಿ ಶುರುವಾದಾಗ ಒಬ್ಬನಿದ್ದ ಹಾಗೆ ಇನ್ನೊಬ್ಬನಿರಲಿಲ್ಲ. 2008ರ ಮೂಲ ನಿಯಮ ಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ ತಂದಾಗ ಕಥೆ ಬೋಳಿಸಲಿಲ್ಲ. ಬೇಲ್ ಟುರಾತ್ ಅನ್ನುವ ನಾಶವಾದ ಸಾಮ್ರಾಜ್ಯ, ದೆವ್ವಗಳ ಜೊತೆ ಕರಾರು, ಎಲ್ಲರಿಗೂ ಕೊಂಬು ಬಾಲ ಅಂತ ಹೊಸ ಕಥೆಯನ್ನೇ ಕೊಟ್ಟರು. ನನಗೆ ಹಳೆಯದೇ ಇಷ್ಟ. ಆದರೂ ಒಪ್ಪಬೇಕು, ಆ ಸಾಮ್ರಾಜ್ಯವನ್ನು ಯಾವ ಡಿಎಂ ಬೇಕಾದರೂ ತನ್ನ ಮ್ಯಾಪಿನ ಮೂಲೆಯಲ್ಲಿ ಹೂತಿಡಬಹುದು.

ಬೆಲ್ಲದಚ್ಚು:
ಎಲ್ಲ ರೇಸೂ (ಕುಲವೂ) ಹೊರಗೆ ಬರಲ್ಲ ಮಾರಾಯ್ರೆ. ಡ್ರ್ಯಾಗನ್‌ಲ್ಯಾನ್ಸ್ ಸೆಟ್ಟಿಂಗ್‌ನ ಕೆಂಡರ್ ಅನ್ನುವ ಕುಳ್ಳ ಜನ ಕಂಡವರ ಜೇಬಿಗೆ ಕೈ ಹಾಕುತ್ತಾರೆ, ಅದು ಕಳ್ಳತನ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಅವರ ಲೋಕವಾದ ಕ್ರಿನ್‌ನಲ್ಲಿ ಜನಕ್ಕೆ ಗೊತ್ತು, ಬೈದುಕೊಂಡು ಸುಮ್ಮನಾಗುತ್ತಾರೆ. ಬೇರೆ ಲೋಕದಲ್ಲಿ ಮೊದಲ ಊರಲ್ಲೇ ಜೈಲು. ಅದಕ್ಕೂ ಮುಂಚೆ ಪಾರ್ಟಿಯೊಳಗೇ ಜಗಳ. 2022ರ ಪುಸ್ತಕದ ಕೆಂಡರ್‌ಗೆ ಹೆದರದಿರುವುದು, ಎದುರಾಳಿಯನ್ನು ಕೆಣಕುವುದು ಇವೇ ಮುಖ್ಯ. ನೀವೂ ಅಷ್ಟು ಮಾತ್ರ ತಗೊಳ್ಳಿ.

ದಾಳಗುರು:
ಮಾರುವ ಯೋಚನೆ ಇದ್ದರೆ ಒಂದು ಮಾತು. ಎಸ್‌ಆರ್‌ಡಿ 5.1 (ಬೇರೆಯವರೂ ಬಳಸಬಹುದಾದ ಮೂಲ ನಿಯಮಗಳ ಕಡತ) 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಂತು. ಅದರಲ್ಲಿ ಟೀಫ್ಲಿಂಗ್, ಡ್ರ್ಯಾಗನ್‌ಬಾರ್ನ್ ಇದ್ದಾರೆ, ವಾರ್‌ಫೋರ್ಜ್ಡ್ ಇಲ್ಲ. ಹೆಸರೂ ಕಥೆಯೂ ನಿಮ್ಮದೇ ಇರಲಿ.

ಕವಡೆಕಾಯಿ:
ಮಾರಲ್ಲ, ಜೆರಾಕ್ಸ್ ಮಾಡಿ ನಮ್ಮವರಿಗೆ ಹಂಚುವುದಷ್ಟೇ. ಹಳೇಡಿಎಂ ಅವರೇ, ಯಾವ ಯುದ್ಧ, ಯಾರು ಮಾಡಿಸಿದ್ದು ಅನ್ನುವ ಜಾಗ ಖಾಲಿ ಬಿಟ್ಟು ಡಿಎಂ ತುಂಬಿಕೊಳ್ಳಲಿ ಅಂತ ಬಿಡಲೇ?

ಹಳೇಡಿಎಂ:
ಖಾಲಿ ಬಿಡಬೇಡಿ, ಯಾರೂ ತುಂಬಲ್ಲ. ಮೂರು ಮಾದರಿ ಬರೆದುಕೊಡಿ: ಸೋತ ರಾಜನ ಕಾಲಾಳುಗಳು, ದೇವರೇ ಬಿಟ್ಟುಹೋದ ಗುಡಿಯ ಕಾವಲುಗಾರರು, ಅದಿರು ಖಾಲಿಯಾದ ಗಣಿಯ ಕೂಲಿಗಳು. ಒಂದೊಂದಕ್ಕೆ ನಾಲ್ಕು ಸಾಲು ಸಾಕು. ಮೂರರಲ್ಲೂ ಕುಲುಮೆ ಮುಚ್ಚಿರಲಿ. ವಾಸಿ ಮಾಡುವ ಮಂತ್ರ ಪೂರ್ತಿ ತಗಲುತ್ತದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿಬಿಡಿ. ಇಲ್ಲದಿದ್ದರೆ ನನ್ನಂಥ ಹಳಬರು ವಾದಕ್ಕೆ ಬರುತ್ತಾರೆ.